ಸಿಗಡಿಯ ರಫ್ತು, ಆಮೆಯ ಉಸಿರು



ಘಟ್ಟದಿಂದಿಳಿದ ಶರಾವತಿ ಕಡಲು ಸೇರುವ ಹೊನ್ನಾವರದ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆಮೆಗೆ ಉಸಿರಾಡಲು ಗಾಳಿ ಬೇಕು. ಸಿಗಡಿಗಾಗಿ ಎಳೆಯುವ ಟ್ರಾಲ್ ಬಲೆಯಲ್ಲಿ ಸಿಲುಕಿದರೆ ಮೇಲೇಳಲಾಗದೆ ಸಾಯುತ್ತದೆ.

ಇದನ್ನು ತಡೆಯಲು ಅಮೆರಿಕವು 1989ರ ಕಾನೂನೊಂದನ್ನು 1996ರಿಂದ ಎಲ್ಲ ದೇಶಗಳಿಗೂ ಅನ್ವಯಿಸಿತು. ಆಮೆ ಪಾರಾಗುವ ಸಾಧನವನ್ನು ಬಲೆಗೆ ಅಳವಡಿಸದಿದ್ದರೆ ಸಮುದ್ರ ಸಿಗಡಿಗೆ ಅಲ್ಲಿ ಪ್ರವೇಶವಿಲ್ಲ. ಭಾರತ, ಮಲೇಷ್ಯಾ, ಪಾಕಿಸ್ತಾನ ಮತ್ತು ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಘಟನೆಗೆ ದೂರಿತ್ತವು. 1998ರ ಮೇಲ್ಮನವಿ ತೀರ್ಪು ಉದ್ದೇಶವನ್ನು ಒಪ್ಪಿ, ಜಾರಿಯ ರೀತಿಯಲ್ಲಿ ತಾರತಮ್ಯವನ್ನು ಕಂಡಿತು. ಅಮೆರಿಕ ರೀತಿಯನ್ನು ತಿದ್ದಿಕೊಂಡಿತು, ಷರತ್ತು ಉಳಿಯಿತು.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಇಲ್ಲಿನ ಬಲೆಗಳಿಗೆ ಹೊಂದುವ ಸಾಧನವನ್ನು ರೂಪಿಸಿತು. ಆದರೆ ಕಿಂಡಿಯಿಂದ ಸ್ವಲ್ಪ ಸಿಗಡಿಯೂ ಜಾರಿಹೋಗುತ್ತದೆಂಬ ಭಯ ಬೋಟಿನವರದು. ಬಳಕೆ ವ್ಯಾಪಕವಾಗಲಿಲ್ಲ. 2019ರಲ್ಲಿ ಅಮೆರಿಕವು ಭಾರತದ ಸಮುದ್ರ ಸಿಗಡಿಯನ್ನು ತಡೆಯಿತು.

ಕೊಳದಲ್ಲಿ ಸಾಕಿದ ಸಿಗಡಿಗೆ ಈ ತಡೆ ತಗಲಲಿಲ್ಲ. ಅಂಥ ಕೊಳಗಳು ಕುಡಿಯುವ ನೀರನ್ನೂ ಹೊಲಗದ್ದೆಗಳನ್ನೂ ಕೆಡಿಸುತ್ತವೆಂದು 1996ರಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಿತ್ತು. ಒಂದು ಜೀವವನ್ನು ಕಾಯುವ ಷರತ್ತು ಇನ್ನೊಂದು ಹಾನಿಗೆ ದಾರಿ ಬಿಡಬಾರದು.

ಆದ್ದರಿಂದ ಷರತ್ತನ್ನು ದೂಷಿಸಿ ಫಲವಿಲ್ಲ. ಜಾರಿದ ಸಿಗಡಿಯ ನಷ್ಟವನ್ನು ಮೀನುಗಾರನೊಬ್ಬನೇ ಹೊರುವವರೆಗೆ ಆ ಸಾಧನ ದಡದಲ್ಲೇ ಉಳಿಯುತ್ತದೆ. ಅದನ್ನು ಸರ್ಕಾರವೂ ರಫ್ತುದಾರರೂ ಕೊಳ್ಳುವವರೂ ಹಂಚಿಕೊಂಡಾಗ ಮಾತ್ರ ಅದು ಕಡಲಿಗಿಳಿದೀತು.