ವರ್ಜೀನಿಯಾದ ಹಾಡಿನ ಜಾತ್ರೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಅಮೆರಿಕದಲ್ಲಿ ನೋಡಿದ್ದನ್ನು ಕುರಿತು ಹತ್ತು ನಿಮಿಷ ಮಾತನಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಅಲ್ಲಿನ ದೊಡ್ಡ ಕಟ್ಟಡಗಳನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ನಾನು ಒಂದು ಸಣ್ಣ ಊರಿನ ಹಾಡಿನ ಜಾತ್ರೆಯ ವಿಷಯ ಹೇಳುತ್ತೇನೆ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ಎಂದರೆ ಹೊಗೆಸೊಪ್ಪು. ಅದು ಅಮೆರಿಕದ ಒಂದು ರಾಜ್ಯದ ಹೆಸರು. ಆ ರಾಜ್ಯದ ನೈಋತ್ಯ ಮೂಲೆಯಲ್ಲಿ, ಅಪಲೇಚಿಯನ್ ಬೆಟ್ಟಗಳ ನಡುವೆ, ಬ್ರಿಸ್ಟಲ್ ಎಂಬ ಊರಿದೆ. ನಾನಿರುವ ಷಾರ್ಲಟ್ ನಗರದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಶುಕ್ರವಾರ ಕೆಲಸ ಮುಗಿಸಿ ಮನೆಮಂದಿಯೆಲ್ಲ ಹೊರಟೆವು. ಆ ಬೆಟ್ಟದ ಕಡೆ ಬೆಳೆಯುತ್ತಿದ್ದ ಹೊಗೆಸೊಪ್ಪು ಬರ್ಲಿ ಎಂಬ ಬೇರೆ ಜಾತಿಯದು. ನಮ್ಮ ಹಾಗೆ ಬ್ಯಾರನ್‌ಗೆ ಬೆಂಕಿ ಹಾಕಿ ಹದ ಮಾಡುವುದಿಲ್ಲ. ಕೊಟ್ಟಿಗೆಯಲ್ಲಿ ನೇತುಹಾಕಿ ಗಾಳಿಗೆ ಒಣಗಿಸುತ್ತಾರೆ.

ಬ್ರಿಸ್ಟಲ್‌ನ ಮುಖ್ಯ ಬೀದಿಯ ನಟ್ಟನಡುವೆ ಎರಡು ರಾಜ್ಯಗಳ ಗಡಿ ಹಾದುಹೋಗುತ್ತದೆ. ಒಂದು ಪಕ್ಕದ ಅಂಗಡಿ ವರ್ಜೀನಿಯಾದ್ದು, ಎದುರಿನ ಅಂಗಡಿ ಟೆನೆಸ್ಸಿಯದು. 2001ರಲ್ಲಿ ಶುರುವಾದ ಇಲ್ಲಿನ ಸಂಗೀತೋತ್ಸವ ಸೆಪ್ಟೆಂಬರ್ ತಿಂಗಳಲ್ಲಿ ಮೂರು ದಿನ ನಡೆಯುತ್ತದೆ. ಆಗ ಬೀದಿಯಲ್ಲಿ ವಾಹನಗಳನ್ನು ಬಿಡುವುದಿಲ್ಲ. ಅಲ್ಲಲ್ಲಿ ವೇದಿಕೆಗಳು, ತಿಂಡಿ ಅಂಗಡಿಗಳು, ಹೆಗಲ ಮೇಲೆ ಕುಳಿತ ಮಕ್ಕಳು. ಪಿಟೀಲು, ಗಿಟಾರು, ಬ್ಯಾಂಜೊ ಎಲ್ಲ ಕಡೆಯಿಂದ ಕೇಳುತ್ತವೆ. ಈ ಬ್ಯಾಂಜೊ ಮೂಲದಲ್ಲಿ ಆಫ್ರಿಕದ್ದು. ಗುಲಾಮರಾಗಿ ಹೋದವರು ಬುರುಡೆಗೆ ಚರ್ಮ ಬಿಗಿದು, ತಂತಿ ಕಟ್ಟಿ ನುಡಿಸುತ್ತಿದ್ದ ವಾದ್ಯ.

ಈ ಊರಿನಲ್ಲೇ ಏಕೆ ಇಷ್ಟು ಸಂಭ್ರಮ? 1927ರ ಬೇಸಿಗೆಯಲ್ಲಿ ರಾಲ್ಫ್ ಪಿಯರ್ ಎಂಬುವರು ವಿಕ್ಟರ್ ಕಂಪನಿಯ ಪರವಾಗಿ ಇಲ್ಲಿಗೆ ಬಂದರು. ಟೋಪಿ ಕಂಪನಿಯೊಂದರ ಕಟ್ಟಡದಲ್ಲಿ ಯಂತ್ರ ಇಟ್ಟು, ಹಳ್ಳಿಯವರ ಹಾಡುಗಳನ್ನು ಗ್ರಾಮೋಫೋನ್ ತಟ್ಟೆಗೆ ಮುದ್ರಿಸಿಕೊಂಡರು. ಒಂದು ಹಾಡಿಗೆ 50 ಡಾಲರ್. ಎರಡು ವಾರಗಳಲ್ಲಿ 19 ತಂಡಗಳ 76 ಹಾಡುಗಳು ಮುದ್ರಣವಾದವು. ಅಲ್ಲಿಗೆ ಬಂದವರಲ್ಲಿ ಬೆಟ್ಟದ ಕೆಳಗಿನ ಹಳ್ಳಿಯ ಎ.ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ನಾದಿನಿ ಮೇಬೆಲ್ ಇದ್ದರು. ಮೇಬೆಲ್‌ಗೆ ಆಗ 18 ವರ್ಷ, ತುಂಬು ಗರ್ಭಿಣಿ. ಮನೆಯಲ್ಲಿ ಹಾಡಿಕೊಳ್ಳುತ್ತಿದ್ದುದನ್ನೇ ಯಂತ್ರದ ಮುಂದೆ ಹಾಡಿದರು. ಅದು ದೇಶವೆಲ್ಲ ಹರಡಿತು. ಅಮೆರಿಕದ ಸಂಸತ್ತು 1998ರಲ್ಲಿ ಬ್ರಿಸ್ಟಲ್ ಅನ್ನು ಕಂಟ್ರಿ ಸಂಗೀತದ ಹುಟ್ಟೂರು ಎಂದು ಗುರುತಿಸಿತು.

ಶನಿವಾರ ಸಂಜೆ ನಾವು ಕಾರ್ಟರ್ ಅವರ ಹಳ್ಳಿಗೇ ಹೋದೆವು. ಅವರ ಮಗಳು ಜಾನೆಟ್ ತಂದೆಗೆ ಕೊಟ್ಟ ಮಾತಿನಂತೆ 1974ರಲ್ಲಿ ಅಲ್ಲಿ ಶನಿವಾರದ ಹಾಡಿನ ಕೂಟ ಶುರುಮಾಡಿದರು. ಜಾನೆಟ್ ಈಗಿಲ್ಲ, ಕೂಟ ನಡೆದುಕೊಂಡು ಬಂದಿದೆ. ಅಲ್ಲಿ ಕರೆಂಟಿನ ಗಿಟಾರು ನುಡಿಸುವಂತಿಲ್ಲ, ಮದ್ಯ ತರುವಂತಿಲ್ಲ. ವೇದಿಕೆಯ ಮುಂದೆ ಜಾಗ ಬಿಟ್ಟಿದ್ದಾರೆ. ಪಿಟೀಲು ಶುರುವಾಯಿತೋ ಇಲ್ಲವೋ, ಅಜ್ಜಿಯರು, ಮೊಮ್ಮಕ್ಕಳು ಎದ್ದು ಬಂದು ಹಲಗೆಯ ನೆಲದ ಮೇಲೆ ಟಕಟಕ ಹೆಜ್ಜೆ ಹಾಕಿದರು. ನನ್ನ ಮಗಳನ್ನೂ ಒಬ್ಬ ಅಜ್ಜಿ ಕೈಹಿಡಿದು ಕರೆದುಕೊಂಡು ಹೋದರು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಕಾರ್ಟರ್ ಬೆಟ್ಟದ ಮನೆಮನೆಗೆ ಹೋಗಿ ಹಾಡುಗಳನ್ನು ಕೂಡಿಸುತ್ತಿದ್ದರು. ಪದಗಳನ್ನು ಅವರು ಬರೆದುಕೊಳ್ಳುತ್ತಿದ್ದರು. ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕರು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದವರು. ಹಾಡುಗಳ ಕೆಳಗೆ ಕಾರ್ಟರ್ ಹೆಸರು ಬಂತು. ರಿಡಲ್ ಹೆಸರು ಬರಲಿಲ್ಲ. ಹಾಡು ಹೇಳಿಕೊಟ್ಟ ಮನೆಯವರ ಹೆಸರೂ ಬಹುಮಟ್ಟಿಗೆ ಬರಲಿಲ್ಲ. ಹಾಡು ಉಳಿಯಿತು, ಹಾಡಿದವರ ಹೆಸರು ಅಳಿಯಿತು.

ಹಾಡು ಕೂಡಿಸುವ ಇಂಥ ಕೆಲಸ ನಮ್ಮ ನಾಡಿನಲ್ಲೂ ಆಗಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು, 1930ರ ದಶಕದಲ್ಲಿ ‘ಗರತಿಯ ಹಾಡು’ ಪುಸ್ತಕ ತಂದರು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಆದರೆ ಊರೂರಿನ ಹಾಡನ್ನೂ ಅವರೇ ಬಂದು ಬರೆದುಕೊಳ್ಳಲು ಆಗುತ್ತಿತ್ತೆ? ನಮ್ಮೂರಿನ ಹಾಡನ್ನು ನಮ್ಮೂರೇ ಬರೆದುಕೊಳ್ಳಬೇಕು.

ಇಲ್ಲಿ ಕುಳಿತಿರುವ ಅಜ್ಜಿಯರಲ್ಲಿ ಸೋಬಾನೆ ಬಲ್ಲವರಿದ್ದಾರೆ, ನಾಟಿ ಹಾಡು ಬಲ್ಲವರಿದ್ದಾರೆ. ರಾಗಿ ಕಲ್ಲು ಹಿತ್ತಲು ಸೇರಿ ಎಷ್ಟೋ ವರ್ಷವಾಯಿತು. ಬೀಸುವ ಪದ ಇನ್ನೂ ಅವರ ಬಾಯಲ್ಲಿದೆ. ಅದಕ್ಕಾಗಿ ಗುರುಗಳಲ್ಲಿ ಒಂದು ವಿನಂತಿ. ಈ ವರ್ಷ ಒಂಬತ್ತನೆಯ ತರಗತಿಯ ಪ್ರತಿಯೊಂದು ಮಗುವೂ ತನ್ನ ಮನೆಯ ಅಥವಾ ಬೀದಿಯ ಒಬ್ಬ ಹಿರಿಯರಿಂದ ಒಂದು ಹಾಡು ಕೇಳಿ ಬರೆಯಲಿ. ಧಾಟಿಯನ್ನು ಮೊಬೈಲಿನಲ್ಲಿ ಹಿಡಿದಿಡಲಿ. ಹಾಡಿನ ಮೇಲೆ ಮೊದಲು ಹಾಡಿದವರ ಹೆಸರು, ವಯಸ್ಸು, ಅವರು ಯಾರಿಂದ ಕಲಿತರು ಎಂಬುದನ್ನು ಬರೆಯಲಿ. ಯಾವ ಜಾತಿ, ಯಾವ ಕೇರಿ ಎಂದು ನೋಡದೆ ಎಲ್ಲ ಮನೆಗೂ ಹೋಗಲಿ. ಬರೆದ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿರಲಿ. ಅದನ್ನು ಅಚ್ಚು ಹಾಕಿಸುವ ಖರ್ಚು ನನ್ನದು ಮತ್ತು ನನ್ನ ತರಗತಿಯ ಗೆಳೆಯರದು. ನಿನ್ನೆ ರಾತ್ರಿ ಮಾತನಾಡಿ ಒಪ್ಪಿದ್ದೇವೆ.

ಶಾಲೆಯ ನೂರನೆಯ ವರ್ಷದ ಸಮಾರಂಭದಲ್ಲಿ ಯಾವುದಾದರೂ ಮಗು ಆ ಪುಸ್ತಕ ತೆರೆದು, ಇದು ನಮ್ಮ ಮುತ್ತಜ್ಜಿ ಹಾಡಿದ್ದು ಎಂದು ಹೆಸರು ಹೇಳಿ ಹಾಡುವಂತಾಗಲಿ. ಅಜ್ಜಿಯರೇ, ಮಕ್ಕಳು ಬಂದು ಕೇಳಿದರೆ ನಾಚಿಕೊಳ್ಳಬೇಡಿ, ಹಾಡಿ.