ಹ್ಯಾಂಕ್ ಆರನ್: 755 ಏಟಿನ ಲೆಕ್ಕ

(ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ಒಬ್ಬ ಆಟಗಾರನ ವಿಚಾರ ಮಾತಾಡಬೇಕು ಅಂತ ಬಂದಿದ್ದೇನೆ. ಅವನ ಹೆಸರು ಹೆನ್ರಿ ಆರನ್. ಜನ ಹ್ಯಾಂಕ್ ಆರನ್ ಅಂತ ಕರೆದರು. ಅಮೆರಿಕದ ಕಪ್ಪು ಮನುಷ್ಯ. ಆಡಿದ್ದು ಬೇಸ್‌ಬಾಲ್. ಚಳವಳಿಯ ಶಿಬಿರದಲ್ಲಿ ಆಟದ ಮಾತು ಯಾಕೆ, ಅದೂ ನಾವು ಆಡದ ಆಟ, ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. "ಆಟದಲ್ಲಿ ಜಾತಿ ಎಲ್ಲಿದೆ? ತಾಕತ್ತಿದ್ದವನು ಮೇಲೆ ಬಂದೇ ಬರ್ತಾನೆ" ಅನ್ನೋ ಮಾತನ್ನ ಕಾಲೇಜಿನಲ್ಲಿ, ಆಫೀಸಿನಲ್ಲಿ, ಟೀ ಅಂಗಡಿಯಲ್ಲಿ ದಿನಾ ಕೇಳ್ತೀವಿ. ಆ ಮಾತನ್ನ ಒರೆಗೆ ಹಚ್ಚಿ ನೋಡೋಕೆ ಆರನ್ ಬದುಕಿಗಿಂತ ಒಳ್ಳೆಯ ಕಲ್ಲು ಸಿಗೋದಿಲ್ಲ. ಬಾಬಾಸಾಹೇಬರೇ 1946ರಲ್ಲಿ ಅಮೆರಿಕದ ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ಅಸ್ಪೃಶ್ಯರ ಪಾಡಿಗೂ ಅಲ್ಲಿನ ಕಪ್ಪು ಜನರ ಪಾಡಿಗೂ ಹೋಲಿಕೆ ಇದೆ ಎಂದಿದ್ದರು. ಅವರು ಹಾಕಿದ ದಾರಿಯಲ್ಲೇ ನಾವೂ ಒಂದು ಸಲ ನಡೆದು ನೋಡೋಣ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದುಂಡು ದೊಣ್ಣೆಯಲ್ಲಿ ಹೊಡೆಯುತ್ತಾನೆ. ಹೊಡೆದವನು ಮೈದಾನದ ಮೂರು ಗುರುತುಗಳನ್ನು ಮುಟ್ಟಿಕೊಂಡು, ಹೊರಟ ಜಾಗಕ್ಕೇ ವಾಪಸು ಬಂದರೆ ಒಂದು ರನ್. ಚೆಂಡು ಬೇಲಿ ದಾಟಿ ಆಚೆ ಬಿದ್ದರೆ ಹೋಮ್ ರನ್. ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ. ಆದರೆ ಸಿಕ್ಸರಿನಷ್ಟು ಸಲೀಸಲ್ಲ. ನೂರೈವತ್ತು ಚಿಲ್ಲರೆ ಆಟ ಇರುವ ಒಂದು ವರ್ಷದಲ್ಲಿ 30 ಹೋಮ್ ರನ್ ಹೊಡೆದವನು ದೊಡ್ಡ ಆಟಗಾರ.

ಆರನ್ ಹುಟ್ಟಿದ್ದು 1934ರ ಫೆಬ್ರವರಿ 5ರಂದು, ಅಲಬಾಮಾ ರಾಜ್ಯದ ಮೊಬೀಲ್ ಎಂಬ ಊರಲ್ಲಿ. ಅಪ್ಪ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಬ್ಯಾಟು, ಚೆಂಡು ಕೊಳ್ಳುವ ಕಾಸಿಲ್ಲ. ಪೊರಕೆಯ ಕೋಲನ್ನೇ ಬ್ಯಾಟು ಮಾಡಿಕೊಂಡು, ಬಾಟಲಿಯ ಮುಚ್ಚಳಗಳನ್ನೇ ಚೆಂಡು ಮಾಡಿಕೊಂಡು ಹುಡುಗ ಹೊಡೆಯೋದನ್ನ ಕಲಿತ. ಹೇಳಿಕೊಡುವವರು ಇಲ್ಲದೆ ಕೈಗಳನ್ನ ಅದಲುಬದಲು ಹಿಡಿದು ಹೊಡೆಯುತ್ತಿದ್ದ. ಹಾಗೆ ಹೊಡೆದರೂ ಚೆಂಡು ದೂರ ಹೋಗುತ್ತಿತ್ತು.

1952ರಲ್ಲಿ, ಹದಿನೆಂಟರ ಹುಡುಗ, ಇಂಡಿಯಾನಾಪೊಲಿಸ್ ಕ್ಲೌನ್ಸ್ ಎಂಬ ಕಪ್ಪು ಜನರ ತಂಡ ಸೇರಿದ. ತಿಂಗಳಿಗೆ 200 ಡಾಲರ್ ಸಂಬಳ. ಆ ಕಾಲದ ಒಂದು ಸಂಗತಿಯನ್ನ ಆರನ್ ಆಮೇಲೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ತಂಡದವರೆಲ್ಲ ಒಂದು ಹೋಟೆಲಿಗೆ ತಿಂಡಿಗೆ ಹೋದರು. ತಿಂದು ಮುಗಿಸಿದರು. ಆಮೇಲೆ ಅಡುಗೆಮನೆಯಿಂದ ಸದ್ದು ಬಂತು. ಇವರು ತಿಂದ ತಟ್ಟೆಗಳನ್ನ ಒಳಗೆ ಒಡೆದು ಹಾಕುತ್ತಿದ್ದರು!

ಗೆಳೆಯರೇ, ಈ ಸದ್ದನ್ನ ನಿಮಗೆ ಬಿಡಿಸಿ ಹೇಳಬೇಕಾ? ಹೋಟೆಲಿನ ಹಿಂದೆ ಬೇರೆ ಲೋಟ ಇಡಿಸಿದವರ ಮಕ್ಕಳು ನಾವು. ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಕುಲದ ಪಾಲ್ವಂಕರ್ ಬಾಲೂ ಪುಣೆಯಲ್ಲಿ ಹಿಂದೂಗಳ ಕ್ಲಬ್ಬಿಗೆ ಕ್ರಿಕೆಟ್ ಆಡಿದಾಗ, ಜೊತೆಗಾರರೆಲ್ಲ ಒಳಗೆ ಕೂತು ಚಹಾ ಕುಡಿದರು. ಬಾಲೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಅದೇ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದು ಬಂದ. ಆದರೂ ಹಿಂದೂಗಳ ತಂಡದ ನಾಯಕತ್ವ ಅವನಿಗೆ ಸಿಗಲಿಲ್ಲ. ಅಲ್ಲಿ ತಟ್ಟೆ ಒಡೆದರು, ಇಲ್ಲಿ ಕುಡಿಕೆ ಬಿಸಾಡಿಸಿದರು. ಮುಟ್ಟಿದರೆ ಮೈಲಿಗೆ ಅನ್ನೋ ರೋಗಕ್ಕೆ ಸಮುದ್ರ ಅಡ್ಡ ಬರೋದಿಲ್ಲ.

1953ರಲ್ಲಿ ಆರನ್ ಜಾಕ್ಸನ್‌ವಿಲ್ ತಂಡಕ್ಕೆ ಬಂದ. ದಕ್ಷಿಣದ ಆ ಲೀಗಿನಲ್ಲಿ ಬಿಳಿಯರ ಜೊತೆ ಮೊದಲು ಆಡಿದ ಬೆರಳೆಣಿಕೆಯ ಕಪ್ಪು ಆಟಗಾರರಲ್ಲಿ ಅವನೊಬ್ಬ. ಆ ವರ್ಷ ಇಡೀ ಲೀಗಿನ ಶ್ರೇಷ್ಠ ಆಟಗಾರ ಅಂತ ಅವನಿಗೇ ಪ್ರಶಸ್ತಿ ಬಂತು. ಆದರೆ ರಾತ್ರಿ ತಂಡದವರು ಇಳಿದುಕೊಳ್ಳುವ ಹೋಟೆಲಿನಲ್ಲಿ ಅವನಿಗೆ ಮಂಚ ಇಲ್ಲ. ಅವರು ಊಟ ಮಾಡುವ ಕಡೆ ಅವನಿಗೆ ಜಾಗ ಇಲ್ಲ. ಇವತ್ತು ಯಾರೂ ಹೆಸರು ನೆನಪಿಟ್ಟುಕೊಳ್ಳದ, ಸಾಧಾರಣವಾಗಿ ಆಡಿದ ಬಿಳಿ ಹುಡುಗರು ಹೋಟೆಲಿನಲ್ಲಿ ಮಲಗಿದರು. ಲೀಗಿಗೇ ಮೊದಲಿಗನಾದವನು ಕಪ್ಪು ಜನರ ಕೇರಿಯಲ್ಲಿ ಮನೆ ಹುಡುಕಿಕೊಂಡು ಹೋದ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಇಲ್ಲಿಗೇ ಬರ್ತೀನಿ.

1954ರಲ್ಲಿ ಮಿಲ್ವಾಕಿ ಬ್ರೇವ್ಸ್ ತಂಡದ ಮೂಲಕ ದೊಡ್ಡ ಲೀಗಿಗೆ ಕಾಲಿಟ್ಟ. 1957ರಲ್ಲಿ ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರನಾದ. ಅದೇ ವರ್ಷ ಅವನ ತಂಡ ನ್ಯೂಯಾರ್ಕಿನ ಯಾಂಕೀಸ್ ತಂಡವನ್ನು ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಆ ಸರಣಿಯಲ್ಲಿ ಆರನ್ ಒಬ್ಬನೇ ಮೂರು ಹೋಮ್ ರನ್ ಹೊಡೆದ. ಒಟ್ಟು 23 ವರ್ಷ ಆಡಿದ. 3,298 ಆಟ. 3,771 ಹಿಟ್. 755 ಹೋಮ್ ರನ್. ತನ್ನ ಏಟಿನಿಂದ ತಂಡಕ್ಕೆ ತಂದುಕೊಟ್ಟ ರನ್ 2,297. ಈ ಕೊನೆಯ ದಾಖಲೆಯನ್ನ ಇವತ್ತಿಗೂ ಯಾರೂ ಮುರಿದಿಲ್ಲ.

ಇದರಲ್ಲಿ ನಾನು ಮೆಚ್ಚಿದ್ದು ಬೇರೆ. ಬೇಬ್ ರೂತ್ ಅನ್ನೋ ಬಿಳಿಯ ಆಟಗಾರ 1927ರ ಒಂದೇ ವರ್ಷದಲ್ಲಿ 60 ಹೋಮ್ ರನ್ ಹೊಡೆದಿದ್ದ. ಆರನ್ ಯಾವ ವರ್ಷವೂ 50 ಮುಟ್ಟಲಿಲ್ಲ. ಅವನ ಅತಿ ಹೆಚ್ಚು ಅಂದರೆ 1971ರ 47. ಆದರೆ 1955ರಿಂದ 1974ರವರೆಗೆ, ಸತತ 20 ವರ್ಷ, 20ಕ್ಕೆ ಕಡಿಮೆ ಒಂದು ವರ್ಷವೂ ಹೊಡೆಯಲಿಲ್ಲ. ಇದು ಸಿಡಿಲಿನ ಥರ ಬಂದು ಹೋದ ಸಾಧನೆ ಅಲ್ಲ, ನಮ್ಮ ಅಪ್ಪ ಅಮ್ಮ ದಿನಾ ಬೆಳಗಾದರೆ ಗದ್ದೆಗಿಳಿದ ಥರದ ದುಡಿಮೆ. ಇನ್ನೊಂದು ಲೆಕ್ಕ ಮಾಡಿ ನೋಡಿ. 3,771ರಲ್ಲಿ 755 ಕಳೆಯಿರಿ. ಉಳಿಯೋದು 3,016. ಅಂದರೆ ಹೋಮ್ ರನ್ ಒಂದನ್ನೂ ಹೊಡೆಯದೇ ಇದ್ದಿದ್ದರೂ ಮೂರು ಸಾವಿರ ಹಿಟ್ ಹೊಡೆದ ಕೆಲವೇ ಜನರ ಸಾಲಿನಲ್ಲಿ ಅವನು ಇರುತ್ತಿದ್ದ.

ಇಷ್ಟು ತಾಕತ್ತು ತೋರಿಸಿದ ಮೇಲೆ ಬಿಳಿ ಸಮಾಜ ಹೂವಿನ ಹಾರ ಹಾಕಿತೇ? 1973ರ ಕೊನೆಗೆ ಅವನ ಲೆಕ್ಕ 713. ರೂತ್‌ನ ದಾಖಲೆ 714. ಒಂದೇ ಒಂದು ಕಡಿಮೆ. ಆ ವರ್ಷ ಅವನಿಗೆ ಬಂದ ಕಾಗದಗಳು ಒಂಬತ್ತು ಲಕ್ಷದ ಮೇಲೆ. ಪ್ರೀತಿಯಿಂದ ಬರೆದವರೂ ಬಹಳ ಜನ ಇದ್ದರು. ಆದರೆ ರಾಶಿಗಟ್ಟಲೆ ಕಾಗದಗಳಲ್ಲಿ ಇದ್ದದ್ದು ಬೈಗುಳ, ಕೊಲ್ಲುತ್ತೇವೆ ಅನ್ನೋ ಬೆದರಿಕೆ. ಅವನ ಹಿಂದೆ ಪೊಲೀಸ್ ಕಾವಲು ಹಾಕಬೇಕಾಯಿತು. ಬೇರೆ ಹೆಸರಲ್ಲಿ ಹೋಟೆಲು ಹಿಡಿಯಬೇಕಾಯಿತು. ಕಾಲೇಜಿನಲ್ಲಿದ್ದ ಮಗಳಿಗೂ ರಕ್ಷಣೆ ಬೇಕಾಯಿತು. ಅವನು ಮಾಡಿದ ಅಪರಾಧ ಏನು? ಚೆಂಡನ್ನ ಬೇಲಿ ದಾಟಿಸಿದ್ದು!

1974ರ ಏಪ್ರಿಲ್ 4. ಸಿನ್ಸಿನಾಟಿಯಲ್ಲಿ ವರ್ಷದ ಮೊದಲ ಆಟ. ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಿದ್ದು ಅವತ್ತಿಗೆ ಸರಿಯಾಗಿ ಆರು ವರ್ಷ. ಆಟಕ್ಕೆ ಮೊದಲು ಕಿಂಗ್ ಅವರಿಗಾಗಿ ಒಂದು ಗಳಿಗೆ ಮೌನ ಆಚರಿಸಿ ಅಂತ ಆರನ್ ಕೇಳಿದ. ಆಗೋದಿಲ್ಲ ಅಂದರು. ಅವನು ಮೈದಾನಕ್ಕಿಳಿದು ಅವತ್ತೇ 714 ಹೊಡೆದ. ನಾಲ್ಕು ದಿನ ಕಳೆದು, ಏಪ್ರಿಲ್ 8ರ ರಾತ್ರಿ, ಅಟ್ಲಾಂಟಾದಲ್ಲಿ 715. ಐವತ್ತು ಸಾವಿರಕ್ಕೂ ಮೀರಿದ ಜನ ಎದ್ದು ನಿಂತರು. ಅವ್ವ ಎಸ್ಟೆಲ್ಲಾ ಮೈದಾನಕ್ಕೆ ಬಂದು ಮಗನನ್ನ ತಬ್ಬಿಕೊಂಡಳು. ಬೇಸ್‌ಬಾಲಿನ ಅತ್ಯುನ್ನತ ಅಧಿಕಾರಿ ಮಾತ್ರ ಅವತ್ತು ಅಲ್ಲಿ ಇರಲಿಲ್ಲ.

ಆ ದ್ವೇಷದ ಕಾಗದಗಳನ್ನ ಆರನ್ ಸುಡಲಿಲ್ಲ. ಜೋಪಾನವಾಗಿ ಇಟ್ಟುಕೊಂಡ. 2014ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ವರ್ಣದ್ವೇಷ ಇನ್ನೂ ಹೋಗಿಲ್ಲ ಅಂತ ಪತ್ರಿಕೆಗೆ ಹೇಳಿದ. ಹೇಳಿದ್ದೇ ತಡ, ಮತ್ತೆ ಬೈಗುಳದ ಕಾಗದಗಳು ಬಂದವು. ಅವನ ಮಾತಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. 2007ರಲ್ಲಿ ಬ್ಯಾರಿ ಬಾಂಡ್ಸ್ 756ನೆಯ ಹೋಮ್ ರನ್ ಹೊಡೆದು ಅವನ ದಾಖಲೆ ದಾಟಿದಾಗ ಆರನ್ ಅಭಿನಂದನೆ ಹೇಳಿದ. 2021ರ ಜನವರಿ 22ರಂದು ತೀರಿಕೊಂಡ.

ಈಗ "ತಾಕತ್ತಿದ್ದವನು ಮೇಲೆ ಬಂದೇ ಬರ್ತಾನೆ" ಅನ್ನೋರಿಗೆ ಒಂದು ಪ್ರಶ್ನೆ. ಜಾಷ್ ಗಿಬ್ಸನ್ ಗೊತ್ತಾ? ಅವನೂ ಕಪ್ಪು ಆಟಗಾರ, ಆರನ್‌ಗಿಂತ ಹಿಂದಿನವನು. ದೊಡ್ಡ ಲೀಗಿನ ಬಾಗಿಲು ಅವನಿಗೆ ತೆರೆಯಲೇ ಇಲ್ಲ. 1947ರ ಜನವರಿಯಲ್ಲಿ, 35ನೆಯ ವಯಸ್ಸಿಗೆ ಸತ್ತ. ಅದಾದ ಮೂರು ತಿಂಗಳಿಗೆ ಜಾಕಿ ರಾಬಿನ್ಸನ್ ಆ ಬಾಗಿಲು ದಾಟಿ ಒಳಗೆ ಕಾಲಿಟ್ಟ. ಕಪ್ಪು ಲೀಗುಗಳ ಅಂಕಿಗಳನ್ನ ದೊಡ್ಡ ಲೀಗಿನ ಕಡತಕ್ಕೆ ಸೇರಿಸಿದ್ದು 2024ರಲ್ಲಿ. ಸೇರಿಸಿ ನೋಡಿದರೆ, ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲ ಕಾಲಕ್ಕೂ ಮೊದಲಿಗ ಗಿಬ್ಸನ್! ಸತ್ತು 77 ವರ್ಷ ಆದ ಮೇಲೆ. ಸೇರಿಸಿದ್ದೂ 1920ರಿಂದ 1948ರವರೆಗಿನ ಲೆಕ್ಕ ಮಾತ್ರ. 1952ರಲ್ಲಿ ಆರನ್ ಕ್ಲೌನ್ಸ್ ತಂಡಕ್ಕೆ ಹೊಡೆದದ್ದು ಅದರಲ್ಲಿ ಇಲ್ಲ. ತಾಕತ್ತು ಬಾಗಿಲ ಹೊರಗೆ ಯಾವಾಗಲೂ ಇತ್ತು. ಚಿಲಕ ಇದ್ದದ್ದು ಒಳಗೆ.

ಅದಕ್ಕೇ ಆರನ್‌ನ ಸಾಧನೆಯನ್ನ ನಾವು ಎರಡು ಥರ ಓದಬೇಕು. ಒಂದು, ಹೆಮ್ಮೆಯಿಂದ. ಬಾಟಲಿ ಮುಚ್ಚಳ ಹೊಡೆದು ಕಲಿತ ಕೈ ಮಾಡಿದ್ದನ್ನ ಯಾವ ಕಾಗದವೂ ಅಳಿಸಲಿಲ್ಲ. ಇನ್ನೊಂದು, ಎಚ್ಚರದಿಂದ. "ನೀವೂ ಆರನ್ ಥರ ಆಗಿ, ಆಮೇಲೆ ನಿಮ್ಮನ್ನ ಒಪ್ಪಿಕೊಳ್ತೀವಿ" ಅನ್ನೋರು ನಮಗೆ ಹೊಸ ಸಂಕೋಲೆ ತೊಡಿಸ್ತಾರೆ. ಆರನ್ ಆದವನನ್ನೂ ಅವರು ಒಪ್ಪಿಕೊಳ್ಳಲಿಲ್ಲ ಅನ್ನೋದನ್ನ ಆ ಕಾಗದದ ರಾಶಿಯೇ ಹೇಳುತ್ತೆ.

ಜಾಕ್ಸನ್‌ವಿಲ್‌ನ ಆ ಸಾಧಾರಣ ಬಿಳಿ ಹುಡುಗರನ್ನ ನೆನಪಿಸಿಕೊಳ್ಳಿ. ಅವರಿಗೆ ಮಂಚ ಸಿಕ್ಕಿದ್ದು ಚೆನ್ನಾಗಿ ಆಡಿದರು ಅಂತಲ್ಲ, ಮನುಷ್ಯರು ಅಂತ. ನಮಗೆ ಬೇಕಾದದ್ದೂ ಅದೇ. ನಮ್ಮ ಕೇರಿಯಲ್ಲಿ ಹುಟ್ಟಿದ ಪ್ರತಿ ಮಗುವೂ 755 ಹೊಡೆಯಲಾರದು. ಪಾಸಾಗುವಷ್ಟೇ ಓದುವ ಹುಡುಗ ಇರ್ತಾನೆ, ಸುಮಾರಾಗಿ ಆಡುವ ಹುಡುಗಿ ಇರ್ತಾಳೆ. ಅವರ ಮುಂದಿನ ತಟ್ಟೆಯೂ ಒಡೆಯಬಾರದು. ದಾಖಲೆ ಆಮೇಲೆ ನೋಡೋಣ, ತಟ್ಟೆ ಮೊದಲು.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ. ಜೈ ಭೀಮ್.