ಕಾಲುವೆಯ ದಡದ ಪ್ರಯೋಗಶಾಲೆ

ರಾಯಚೂರು ಜಿಲ್ಲೆಯ ಭೂಪಟವನ್ನು ಬಿಡಿಸಿ ನೋಡಿದವರಿಗೆ ಸಿಂಧನೂರಿನ ಸುತ್ತಿನಲ್ಲಿ ಒಂದು ವಿಶೇಷ ಎದ್ದು ಕಾಣುತ್ತದೆ. ಅಲ್ಲಿನ ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿ ‘ಕ್ಯಾಂಪ್’ ಎಂಬ ಮಾತು ಅಂಟಿಕೊಂಡಿದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಈ ಎರೆಭೂಮಿಗೆ ಹರಿದು ಬಂದ ಮೇಲೆ, ಆ ನೀರಿನ ಬೆನ್ನು ಹಿಡಿದು ಆಂಧ್ರದಿಂದ ಬಂದ ಬೇಸಾಯಗಾರರು ಕಟ್ಟಿಕೊಂಡ ಊರುಗಳು ಅವುಗಳಲ್ಲಿ ಹಲವು. ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಅಲ್ಲಿಗೆ ಬಂದವರು ಭೂಮಿಯನ್ನು ಅರಸಿ ಹೊರಟವರಲ್ಲ. ಭೂಮಿಯನ್ನು ಕಳೆದುಕೊಂಡು ಹೊರಟವರು. ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸುಮಾರು ಅರ್ಧ ಶತಮಾನದ ಹಿಂದೆ ಸರ್ಕಾರ ಪುನರ್ವಸತಿ ಕಲ್ಪಿಸಿದ ನೆಲೆಗಳು ಇವು. ಹೆಸರಿನಲ್ಲಿ ಕ್ಯಾಂಪು ಉಳಿದಿದ್ದರೂ ಇವು ಎಂದೋ ಊರುಗಳಾಗಿವೆ.

ಈ ಭಾಷಣದ ವಿಷಯ ವಲಸೆಯ ಇತಿಹಾಸವಲ್ಲ. ಇಂತಹ ಒಂದು ಊರಿನ ಶಾಲೆಯ ಮಕ್ಕಳಿಗೆ ವಿಜ್ಞಾನವನ್ನು ಕೈಯಿಂದ ಮುಟ್ಟಿ, ಬಿಚ್ಚಿ, ಜೋಡಿಸಿ ಕಲಿಯುವ ಅವಕಾಶ ಎಲ್ಲಿಂದ ಒದಗಬೇಕು, ಹೇಗೆ ಒದಗಬೇಕು ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಆದರೆ ಊರಿನ ಚರಿತ್ರೆಯನ್ನು ಬದಿಗಿಟ್ಟು ಇದಕ್ಕೆ ಉತ್ತರ ಹುಡುಕಲಾಗುವುದಿಲ್ಲ. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡದೊಂದಿಗೆ ತೆಲುಗು, ಹಿಂದಿ—ಇಷ್ಟೂ ಮಾತುಗಳ ನಡುವೆ ಅಲ್ಲಿನ ಮಗು ಬೆಳೆಯುತ್ತದೆ. ಮೂರನೆಯ ತಲೆಮಾರಿನವರು ಕನ್ನಡವನ್ನು ಸರಾಗವಾಗಿ ಆಡುತ್ತಾರೆ. ಆದರೂ ಪಠ್ಯಪುಸ್ತಕದ ಕನ್ನಡ ಯಾರ ಮನೆಯ ಮಾತೂ ಅಲ್ಲವಷ್ಟೆ! ಇದರಲ್ಲಿ ಒಂದು ಸ್ವಾರಸ್ಯವಿದೆ. ವಿಜ್ಞಾನ ಪುಸ್ತಕದಲ್ಲಿ ‘ಲವಣ’ ಎಂಬ ಪದ ಬಂದಾಗ ಪಕ್ಕದ ಹಳ್ಳಿಯ ಕನ್ನಡದ ಹುಡುಗ ತಡವರಿಸುತ್ತಾನೆ. ಅವನಿಗೆ ಗೊತ್ತಿರುವುದು ಉಪ್ಪು. ಬಂಗಾಳಿ ಮನೆಯ ಹುಡುಗಿಗೆ ಅದು ಅಡಿಗೆಮನೆಯಲ್ಲಿ ಕೇಳಿದ ‘ಲೊಬೊನ್’. ಛಾಯೆ ಎಂದರೆ ಅವಳಿಗೆ ತಿಳಿಯುತ್ತದೆ, ನೆರಳು ಎಂಬುದನ್ನೇ ಅವಳು ಹೊಸದಾಗಿ ಕಲಿಯಬೇಕು. ಹೀಗೆ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಿಗೆ ಒಂದೇ ಪುಟ ಎರಡು ಬಗೆಯಾಗಿ ಕಷ್ಟವಾಗುತ್ತದೆ. ಆದರೆ ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಆ ನೀರನ್ನು ಕಾಯಿಸಿ ಇಂಗಿಸಿದಾಗ ತಟ್ಟೆಯ ತಳದಲ್ಲಿ ಉಳಿಯುವ ಬಿಳಿಯ ಪದರ ಇಬ್ಬರಿಗೂ ಒಂದೇ. ಅದನ್ನು ಕಂಡ ಮೇಲೆ ಪದವನ್ನು ಕಲಿಸುವುದು ಸುಲಭ. ಪದವನ್ನು ಮೊದಲು ಕೊಟ್ಟು ವಸ್ತುವನ್ನು ಕೊಡದೆ ಇರುವುದೇ ನಮ್ಮ ಶಾಲೆಗಳಲ್ಲಿ ರೂಢಿಯಾಗಿದೆ.

ಅವಕಾಶಗಳೇ ಇಲ್ಲವೆಂದು ದೂರುವಂತಿಲ್ಲ. ‘ಬಾಲವಿಜ್ಞಾನ’ ಮಾಸಪತ್ರಿಕೆ 1978ರಲ್ಲಿ ಹೊರಟಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಲ್ಲಿ ಸ್ಥಾಪಿತವಾಯಿತು. ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂತಹವರು ಆ ಪತ್ರಿಕೆಗಾಗಿ ದುಡಿದುದರಿಂದ, ವಿಜ್ಞಾನವನ್ನು ತಿಳಿಗನ್ನಡದಲ್ಲಿ ಹೇಳಬಹುದೆಂಬುದು ಸಿದ್ಧವಾಯಿತು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯದ ಆಶ್ರಯದಲ್ಲಿ 1984ರಲ್ಲಿ ಕಲಬುರಗಿಗೆ ಜಿಲ್ಲಾ ವಿಜ್ಞಾನ ಕೇಂದ್ರ ಬಂದಿತು. ಪ್ರದರ್ಶನಗಳನ್ನು ಹೊತ್ತ ಬಸ್ಸುಗಳು ಹಳ್ಳಿಗಳನ್ನು ಸುತ್ತಿವೆ. 1993ರಲ್ಲಿ ಮೊದಲಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ, ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆಯನ್ನೇ ಆರಿಸಿಕೊಂಡು ಅಧ್ಯಯನ ಮಾಡಬೇಕು, ತಮಗೆ ಬರುವ ಭಾಷೆಯಲ್ಲಿ ಅದನ್ನು ಮಂಡಿಸಬಹುದು ಎಂಬ ಬಹು ವಿವೇಕದ ನಿಯಮವನ್ನು ಇಟ್ಟುಕೊಂಡಿತು. 2016ರಿಂದೀಚೆಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು. ಸಂವೇದಕಗಳು, ಸಣ್ಣ ಮೋಟಾರುಗಳು, ವಸ್ತುವನ್ನು ಪದರ ಪದರವಾಗಿ ಅಚ್ಚು ಹಾಕುವ ಯಂತ್ರ. 2025ರ ಕೇಂದ್ರ ಮುಂಗಡಪತ್ರದಲ್ಲಿ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇಂತಹ 50,000 ಪ್ರಯೋಗಾಲಯಗಳನ್ನು ಕೊಡುವುದಾಗಿ ಘೋಷಿಸಲಾಯಿತು.

ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಬಂದು ಹೋಗುವ ಅವಕಾಶ ಬೇರೆ, ಇರುವ ಅವಕಾಶ ಬೇರೆ. ವಿಜ್ಞಾನದ ಬಸ್ಸು ಬಂದ ದಿನ ಮಕ್ಕಳು ಸಾಲಾಗಿ ನಿಂತು ಗುಂಡಿ ಒತ್ತುತ್ತಾರೆ, ಬೆರಗಾಗುತ್ತಾರೆ. ಬಸ್ಸು ಹೊರಟ ಮೇಲೆ ಆ ಬೆರಗಿಗೆ ಮುಂದಿನ ಮೆಟ್ಟಿಲು ಸಿಕ್ಕುವುದಿಲ್ಲ. ಶಾಲೆಯಲ್ಲೇ ಇರುವ ಉಪಕರಣಗಳ ಗತಿಯನ್ನು ಕೇಳುವುದೇ ಬೇಡ. ಎಷ್ಟೋ ಕಡೆ ಅವು ಬೀರುವಿನಲ್ಲಿ ಭದ್ರವಾಗಿರುತ್ತವೆ, ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಒಳಗೆ. ಇದರಲ್ಲಿ ಅವರ ತಪ್ಪಿಗಿಂತ ದಾಸ್ತಾನು ಪುಸ್ತಕದ ತಪ್ಪು ಹೆಚ್ಚು. ಒಂದು ಗಾಜಿನ ನಳಿಗೆ ಒಡೆದರೆ ಲೆಕ್ಕ ಕೊಡಬೇಕಾದವರು ಅವರು. ವರ್ಷವಿಡೀ ಅದನ್ನು ಯಾರೂ ಮುಟ್ಟದಿದ್ದರೆ ಲೆಕ್ಕ ಕೇಳುವವರು ಯಾರೂ ಇಲ್ಲ. ಒಡೆಯಲು, ಕೆಡಿಸಲು ಇಷ್ಟು ಹಣವೆಂದು ಮೊದಲೇ ತೆಗೆದಿಡದ ಪ್ರಯೋಗಾಲಯ ಪ್ರಯೋಗಾಲಯವೇ ಅಲ್ಲವೆಂದು ನನ್ನ ಮತ.

ಈ ಮಾತಿಗೆ ಬಂಗಾಳದ್ದೇ ಒಂದು ನಿದರ್ಶನವಿದೆ. ಜಗದೀಶಚಂದ್ರ ಬೋಸರು 1858ರಲ್ಲಿ ಪೂರ್ವ ಬಂಗಾಳದಲ್ಲಿ ಹುಟ್ಟಿದವರು, ಆರ್.ಎಚ್. ಕ್ಯಾಂಪಿನ ಹಿರಿಯರು ಬಿಟ್ಟು ಬಂದದ್ದೂ ಪೂರ್ವ ಬಂಗಾಳವನ್ನೇ. ಅನುಕೂಲಸ್ಥ ಅಧಿಕಾರಿಯ ಮಗನಾದ ಅವರನ್ನು ತಂದೆ ಮೊದಲು ಕಳುಹಿಸಿದ್ದು ಇಂಗ್ಲಿಷ್ ಶಾಲೆಗಲ್ಲ, ಬಂಗಾಳಿ ಶಾಲೆಗೆ. ಅಲ್ಲಿ ಬೆಸ್ತರ ಹುಡುಗನೊಬ್ಬ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದ ಜಲಚರಗಳ ಕಥೆಗಳು ತಮ್ಮಲ್ಲಿ ಪ್ರಕೃತಿಯ ಕುತೂಹಲವನ್ನು ಹುಟ್ಟಿಸಿದವೆಂದು ಅವರು ಮುಂದೆ ನೆನೆದಿದ್ದಾರೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದಾಗ ಅವರಿಗೆ ಸಂಶೋಧನೆಗೆ ತಕ್ಕ ಪ್ರಯೋಗಾಲಯ ಸಿಕ್ಕಲಿಲ್ಲ. ಸ್ಥಳೀಯ ತಗಡಿನ ಕೆಲಸದವನೊಬ್ಬನನ್ನು ಹತ್ತಿರ ಕೂರಿಸಿಕೊಂಡು ಅವರು ತಮ್ಮ ಉಪಕರಣಗಳನ್ನು ತಾವೇ ಮಾಡಿಸಿದರು. ಮಿಲಿಮೀಟರುಗಳಷ್ಟೇ ಉದ್ದದ ವಿದ್ಯುತ್ಕಾಂತ ಅಲೆಗಳನ್ನು ಹುಟ್ಟಿಸಿ, ಗೋಡೆಗಳನ್ನು ದಾಟಿಸಿ, ದೂರದ ಗಂಟೆಯನ್ನು ಬಾರಿಸಿದ 1890ರ ದಶಕದ ಆ ಪ್ರದರ್ಶನಗಳ ಹಿಂದೆ ಒಬ್ಬ ವಿಜ್ಞಾನಿಯ ತಲೆಯೊಂದಿಗೆ ಒಬ್ಬ ಕುಶಲಕರ್ಮಿಯ ಕೈಯೂ ಇತ್ತು. ನಮ್ಮ ಸಿಂಧನೂರಿನಲ್ಲಿ ಟ್ರ್ಯಾಕ್ಟರನ್ನೂ ಭತ್ತದ ಕಟಾವು ಯಂತ್ರವನ್ನೂ ರಿಪೇರಿ ಮಾಡುವ ಕೈಗಳಿಗೆ ಕೊರತೆಯಿಲ್ಲ. ವಾರಕ್ಕೊಂದು ಮಧ್ಯಾಹ್ನ ಒಬ್ಬ ಮೆಕ್ಯಾನಿಕ್ ಶಾಲೆಗೆ ಬಂದು, ಕೆಟ್ಟುಹೋದ ಪಂಪನ್ನು ಮಕ್ಕಳ ಮುಂದೆ ಬಿಚ್ಚಿ ಹರಡಬಾರದೇಕೆ? ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಕಲ್ಲಿನಿಂದ ಲೋಹ ಹೊರಡುವ ಬಗೆಯನ್ನು ಚಿತ್ರದಲ್ಲಿ ತೋರಿಸಿ ಮುಗಿಸುವ ಅಗತ್ಯ ಈ ಭಾಗದ ಶಾಲೆಗಳಿಗೆ ಇರಬಾರದು. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡದ್ದು ಕೂಡ ಚಿನ್ನದ ಅದಿರನ್ನು ಹುಡುಕುತ್ತಿದ್ದ ಗಣಿ ಇಂಜಿನಿಯರ್ ಬೀಡನ್ ಎಂಬುವರು. ಕಣ್ಣು ತೆರೆದು ನಡೆಯುವವನಿಗೆ ಹುಡುಕದಿದ್ದದ್ದೂ ಸಿಕ್ಕುತ್ತದೆ.

ಕ್ಯಾಂಪಿನ ಮಕ್ಕಳಿಗೆ ಅತಿ ಹತ್ತಿರದ ಪ್ರಯೋಗಶಾಲೆಯೆಂದರೆ ನೀರು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಮೇಲ್ಭಾಗದಲ್ಲಿ ನೀರು ಸಾಕಷ್ಟು, ಕೆಳಭಾಗಕ್ಕೆ ಬರುವಷ್ಟರಲ್ಲಿ ತಗಾದೆ. ಗೇಜು, ಕ್ಯುಸೆಕ್ಕು ಎಂಬ ಮಾತುಗಳು ಈ ಸೀಮೆಯಲ್ಲಿ ಅಕ್ಷರ ಬಾರದ ರೈತನ ಬಾಯಲ್ಲೂ ಇವೆ. ಹೈಸ್ಕೂಲು ಮುಗಿಸಿದ ಹುಡುಗನನ್ನು ಕೇಳಿ ನೋಡಿ, ಒಂದು ಕ್ಯುಸೆಕ್ ಎಂದರೆ ಎಷ್ಟು ನೀರು ಎಂದು. ಅದು ಸೆಕೆಂಡಿಗೆ ಸುಮಾರು 28 ಲೀಟರ್. ಇದನ್ನು ಅಳೆಯಲು ಬೇಕಾದುದು ಒಂದು ಟೇಪು, ಒಂದು ಗಡಿಯಾರ, ಒಂದು ನಿಂಬೆಹಣ್ಣು. ದೊಡ್ಡ ಕಾಲುವೆಯ ಹತ್ತಿರ ಮಕ್ಕಳನ್ನು ಸುಳಿಯಗೊಡಬಾರದು. ಮೊಣಕಾಲೂ ಮುಳುಗದ ಹೊಲಗಾಲುವೆ ಸಾಕು. ಅದರ ಅಗಲ 60 ಸೆಂಟಿಮೀಟರ್, ನೀರಿನ ಆಳ 20 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ತೇಲಿಬಿಟ್ಟ ನಿಂಬೆಹಣ್ಣು 10 ಮೀಟರ್ ದೂರವನ್ನು 25 ಸೆಕೆಂಡಿನಲ್ಲಿ ದಾಟಿತು. ಮೇಲಿನ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ ಬಂದ ವೇಗದಲ್ಲಿ ನೂರಕ್ಕೆ 85 ಭಾಗವನ್ನು ಮಾತ್ರ ಹಿಡಿಯಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 41 ಲೀಟರ್, ಹೆಚ್ಚುಕಡಮೆ ಒಂದೂವರೆ ಕ್ಯುಸೆಕ್ ಬರುತ್ತದೆ. ಕ್ಷೇತ್ರಫಲ, ವೇಗ, ಸರಾಸರಿ, ಅಂದಾಜಿನ ದೋಷ—ನಾಲ್ಕು ಪಾಠಗಳು ಅರ್ಧ ಗಂಟೆಯಲ್ಲಿ ಮುಗಿದವು.

ಇಲ್ಲಿಗೇ ನಿಂತರೆ ಇದು ಒಂದು ಲೆಕ್ಕ ಮಾತ್ರ. ಅದೇ ಮಕ್ಕಳು ಅದೇ ದಿನ ಒಂದು ಹೊಲಗಾಲುವೆಯ ಮೊದಲಲ್ಲೂ ಕೊನೆಯಲ್ಲೂ ಅಳೆದು ಎರಡೂ ಅಂಕಿಗಳನ್ನು ಶಾಲೆಯ ಹಲಗೆಯ ಮೇಲೆ ಬರೆದರೆ ಊರಿನಲ್ಲಿ ಮಾತು ಹುಟ್ಟುತ್ತದೆ. ನಡುವೆ ಹೋದ ನೀರು ಎಲ್ಲಿ ಹೋಯಿತು? ನೆಲ ಕುಡಿಯಿತೋ, ಯಾರಾದರೂ ಕುಡಿಸಿಕೊಂಡರೋ? ಇಂತಹ ಪ್ರಶ್ನೆ ಏಳುತ್ತದೆಂದೇ ಕೆಲವರು ಇದನ್ನು ಶಾಲೆಗೆ ತರಬಾರದೆನ್ನುತ್ತಾರೆ. ಅವರ ಅಳುಕು ಹುಸಿಯಲ್ಲ. ಆದರೆ ಯಾರಿಗೂ ತೊಂದರೆಯಾಗದ ಅಂಕಿಗಳನ್ನಷ್ಟೇ ಅಳೆಯಿರೆಂದು ಮಕ್ಕಳಿಗೆ ಕಲಿಸಿದರೆ ನಾವು ಕಲಿಸಿದ್ದು ವಿಜ್ಞಾನವಾಗದು. ಉಪಾಧ್ಯಾಯರು ಇಲ್ಲಿ ಜಾಣ್ಮೆಯಿಂದ ನಡೆಯಬೇಕು; ನೀರು ಬಳಕೆದಾರರ ಸಂಘದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ನೀರಿನ ಬೆನ್ನಿಗೇ ಬರುವ ಪಿಡುಗು ಸವಳು. ನೀರು ಹೆಚ್ಚಾಗಿ ನಿಂತ ಎರೆಭೂಮಿಯಲ್ಲಿ ಲವಣ ಮೇಲೇರಿ ಬೆಳೆ ಕುಗ್ಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಬಗ್ಗೆ ದಶಕಗಳಿಂದ ಕೆಲಸ ನಡೆದಿದೆ. ಶಾಲೆಯ ಮಟ್ಟದಲ್ಲಿ ಅದನ್ನು ಹೀಗೆ ನೋಡಬಹುದು. ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಎಲ್‌ಇಡಿ ದೀಪ, ದೀಪ ಸುಡದಂತೆ ಒಂದು ರೆಸಿಸ್ಟರ್, ಎರಡು ಮೊಳೆ. ಮೊಳೆಗಳ ನಡುವಣ ಅಂತರ ಬದಲಾಗದಂತೆ ಅವುಗಳನ್ನು ಒಂದು ಕಟ್ಟಿಗೆಯ ತುಂಡಿಗೆ ಬಡಿದಿರಬೇಕು. ಬೇರೆ ಬೇರೆ ಹೊಲಗಳ ಮಣ್ಣನ್ನು ಸಮತೂಕದಲ್ಲಿ ತೆಗೆದು, ಸಮನಾದ ಮಳೆನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಮೊಳೆಗಳನ್ನು ಅದ್ದಿದರೆ, ಲವಣ ಹೆಚ್ಚಿರುವ ನೀರಿನಲ್ಲಿ ದೀಪ ಹೆಚ್ಚು ಪ್ರಕಾಶದಿಂದ ಉರಿಯುತ್ತದೆ. ಟಿಂಕರಿಂಗ್ ಪ್ರಯೋಗಾಲಯದ ಸಂವೇದಕ ಮಾಡುವುದೂ ತತ್ತ್ವದಲ್ಲಿ ಇದನ್ನೇ. ಅದು ಅಂಕಿ ಕೊಡುತ್ತದೆ, ಇದು ಕಣ್ಣಿಗೆ ತೋರಿಸುತ್ತದೆ. ಇದನ್ನು ಕೈಯಾರೆ ಕಟ್ಟಿದ ಹುಡುಗಿಗೆ ನಾಳೆ ಆ ಸಂವೇದಕ ದೊರೆತರೆ ಅದರಿಂದ ಏನು ಕೇಳಬೇಕೆಂಬುದು ಗೊತ್ತಿರುತ್ತದೆ. ಹೀಗಲ್ಲದೆ ಸಂವೇದಕವೇ ಮೊದಲು ಬಂದ ಶಾಲೆಯಲ್ಲಿ ಮಕ್ಕಳು ಪೆಟ್ಟಿಗೆಯ ಜೊತೆ ಬಂದ ಮಾದರಿಯನ್ನೇ ಕಟ್ಟಿ ಪ್ರದರ್ಶನದಲ್ಲಿ ಇಡುತ್ತಾರೆ, ಬಹುಮಾನವೂ ಬರುತ್ತದೆ.

ಇದೆಲ್ಲಕ್ಕೂ ಬರುವ ಒಂದು ಆಕ್ಷೇಪಣೆ ಪರೀಕ್ಷೆಯದು. ಅಂಕ ಬಾರದ ಕೆಲಸಕ್ಕೆ ಸಮಯವೆಲ್ಲಿ? ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಈ ಗಂಟನ್ನು ಬೇರಿನಲ್ಲೇ ಬಿಚ್ಚಿತ್ತು. ಅಲ್ಲಿ ಮಕ್ಕಳು ಅಗ್ಗದ ಸಾಮಗ್ರಿಯಿಂದ ಪ್ರಯೋಗ ಮಾಡಿಯೇ ಕಲಿಯುತ್ತಿದ್ದರು. ಪರೀಕ್ಷೆಗೆ ಪುಸ್ತಕವನ್ನು ಒಯ್ಯಲು ಅನುಮತಿಯಿತ್ತು, ಪ್ರಯೋಗಕ್ಕೂ ಅಂಕವಿತ್ತು. ಪುಸ್ತಕ ಮುಂದಿದ್ದಾಗ ಕಂಠಪಾಠಕ್ಕೆ ಬೆಲೆಯಿಲ್ಲ. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದನ್ನು ವಿಫಲವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಾಮಾನ್ಯ ಹಳ್ಳಿಯ ಶಾಲೆಯ ಸಾಮಾನ್ಯ ಉಪಾಧ್ಯಾಯರಿಂದ ಇದು ಸಾಧ್ಯವೆಂಬುದನ್ನು ಅದು ತೋರಿಸಿಕೊಟ್ಟಿತು.

ಕಾಸು ಖರ್ಚಿಲ್ಲದೆ ಆರಂಭಿಸಲು ಬಯಸುವವರಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇನೆ. ವರ್ಷದಲ್ಲಿ ಎರಡು ದಿನ, ಮೇ ತಿಂಗಳ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದ ಆರಂಭದಲ್ಲಿ, ಸೂರ್ಯ ಸಿಂಧನೂರಿನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಮೇ ತಿಂಗಳಲ್ಲಿ ಶಾಲೆಗೆ ರಜೆ. ಆದುದರಿಂದ ಆಗಸ್ಟನ್ನೇ ಹಿಡಿಯಬೇಕು. ಗಡಿಯಾರದ 12 ಗಂಟೆಗೆ ಕಾದು ಕುಳಿತವರಿಗೆ ಮೊದಲ ಪಾಠ ದೊರೆಯುತ್ತದೆ: ನೆರಳು ಮಾಯವಾಗುವುದು ಸುಮಾರು 12 ಗಂಟೆ 28 ನಿಮಿಷಕ್ಕೆ. ಗಡಿಯಾರ ತೋರಿಸುವುದು ಪೂರ್ವಕ್ಕಿರುವ ಬೇರೊಂದು ರೇಖಾಂಶದ ಕಾಲ. ಸೂರ್ಯ ನಮ್ಮಲ್ಲಿಗೆ ಬರುವುದು ತಡವಾಗಿ. ಅದೇ ದಿನ ಬೆಂಗಳೂರಿನ ಒಂದು ಶಾಲೆಯವರು ತಮ್ಮ ಮಧ್ಯಾಹ್ನದಲ್ಲಿ ಒಂದು ಮೀಟರ್ ಕೋಲಿನ ನೆರಳನ್ನು ಅಳೆದರೆ ಅದು ಸುಮಾರು 5 ಸೆಂಟಿಮೀಟರ್ ಇರುತ್ತದೆ, ಅದೂ ದಕ್ಷಿಣದ ಕಡೆಗೆ. ಕೋನಮಾಪಕದಲ್ಲಿ ಅದು 2.8 ಡಿಗ್ರಿ. ಎರಡು ಊರುಗಳ ಉತ್ತರ-ದಕ್ಷಿಣ ಅಂತರ ಸುಮಾರು 310 ಕಿಲೋಮೀಟರ್. 360ನ್ನು 2.8ರಿಂದ ಭಾಗಿಸಿ 310ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ. ಅಲೆಕ್ಸಾಂಡ್ರಿಯದ ಎರಟಾಸ್ತನೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಹಿಡಿದ ದಾರಿ ಇದೇ. ಎಚ್ಚರಿಕೆಯ ಒಂದು ಮಾತು: ನೆರಳಿನ ಅಂಚು ಮಸಕಾಗಿರುತ್ತದೆ, ಅಲ್ಲಿ ಮೂರು ಮಿಲಿಮೀಟರ್ ತಪ್ಪಿದರೆ ಭೂಮಿ ಎರಡು ಸಾವಿರ ಕಿಲೋಮೀಟರಿಗೂ ಮೀರಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಹಲವು ಮಕ್ಕಳು ಬೇರೆ ಬೇರೆಯಾಗಿ ಅಳೆದು ಸರಾಸರಿ ತೆಗೆಯಲಿ. ಆಗಸ್ಟಿನಲ್ಲಿ ಮೋಡದ ಕಾಟವೂ ಉಂಟು. ಒಂದು ದಿನ ತಪ್ಪಿದರೆ ಮರುದಿನ ಕೋಲು ನಿಲ್ಲಿಸಬಹುದು. ಒಂದು ಮೀಟರ್ ಕೋಲಿಗೆ ದಿನವೊಂದಕ್ಕೆ ಆಗುವ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಮಾತ್ರ. ಎರಡೂ ಶಾಲೆಗಳು ಒಂದೇ ದಿನ ಅಳೆದಿದ್ದರಾಯಿತು.